ಎಪ್‌ಕಾಟ್‌ನ ಕ್ರಿಸ್‌ಮಸ್ ಗಾಯನ: ಅಪ್ಪ-ಅಮ್ಮನಿಗೆ ಒಳ್ಳೆ ಸೀಟು ಹೇಗೆ ಸಿಗುತ್ತದೆ?

ಪ್ರಶ್ನೆ: ನಾವು ಶಾರ್ಲಟ್‌ನಲ್ಲಿದ್ದೇವೆ. ಈ ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಅಪ್ಪನಿಗೆ 74, ಸಂಗೀತ ಅಂದರೆ ಪ್ರಾಣ. ಅಮ್ಮನಿಗೆ 69, ಮಂಡಿನೋವು, ಜಾಸ್ತಿ ಹೊತ್ತು ನಿಲ್ಲಲಾರರು. ಫ್ಲಾರಿಡಾದಲ್ಲಿರುವ ಡಿಸ್ನಿಯ ಎಪ್‌ಕಾಟ್ ಪಾರ್ಕ್‌ನಲ್ಲಿ ನಡೆಯುವ ಕ್ರಿಸ್‌ಮಸ್ ಗಾಯನ ಕಾರ್ಯಕ್ರಮ ಕ್ಯಾಂಡಲ್‌ಲೈಟ್ ಪ್ರೊಸೆಷನಲ್ ಅವರಿಗೆ ತೋರಿಸಬೇಕು ಅಂತ ಬಹಳ ದಿನದ ಆಸೆ. ಆದರೆ ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೂರು ಗಂಟೆ ಸಾಲಲ್ಲಿ ನಿಂತೆವು ಅನ್ನುವವರಿದ್ದಾರೆ, ಹತ್ತು ನಿಮಿಷಕ್ಕೆ ಒಳಗೆ ಹೋದೆವು ಅನ್ನುವವರೂ ಇದ್ದಾರೆ. ಊಟದ ಪ್ಯಾಕೇಜ್ ತೆಗೆದುಕೊಂಡರೆ ಮುಂದಿನ ಸೀಟು ಖಂಡಿತಾ ಸಿಗುತ್ತದಾ? ನಾವು ಸಸ್ಯಾಹಾರಿಗಳು, ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಷ್ಟು ದುಡ್ಡು ಕೊಡುವುದು ಸರಿಯಾ?

ಉತ್ತರ: ನಮಸ್ಕಾರ. ನಿಮಗೆ ಹೇಳಿದವರು ಯಾರೂ ಸುಳ್ಳು ಹೇಳಿಲ್ಲ. ಮೂರು ಗಂಟೆ ಕಾದದ್ದೂ ನಿಜ, ಹತ್ತು ನಿಮಿಷಕ್ಕೆ ಒಳಗೆ ಹೋದದ್ದೂ ನಿಜ. ಅವರು ಹೋದ ದಿನ ಬೇರೆ, ಆ ದಿನ ಕಥೆ ಓದಿದ ನಟರು ಬೇರೆ, ಆರಿಸಿಕೊಂಡ ಶೋ ಬೇರೆ. ನಾನು ಎಪ್‌ಕಾಟ್ ಇರುವ ಆರ್ಲ್ಯಾಂಡೊ ಹತ್ತಿರವೇ ಇದ್ದೇನೆ. ಹದಿನಾಲ್ಕು ವರ್ಷದಿಂದ ಪ್ರತಿ ಡಿಸೆಂಬರ್‌ನಲ್ಲಿ ಒಮ್ಮೆಯಾದರೂ ಈ ಕಾರ್ಯಕ್ರಮಕ್ಕೆ ಹೋಗುತ್ತೇನೆ. ಕೋವಿಡ್‌ನಿಂದಾಗಿ ನಡೆಯದ 2020 ಒಂದು ಬಿಟ್ಟು. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗಿದ್ದೇನೆ, ಪುಟ್ಟ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೇನೆ. ಅದರಿಂದ ಕಲಿತದ್ದು ಇಷ್ಟು: ಮೊದಲು ದಿನ ಆರಿಸಿ, ಆಮೇಲೆ ಶೋ ಆರಿಸಿ, ಪ್ಯಾಕೇಜ್ ಬೇಕೋ ಬೇಡವೋ ಅನ್ನುವುದನ್ನು ಕೊನೆಗೆ ನೋಡಿ. ಎಲ್ಲರೂ ಇದನ್ನು ತಿರುಗುಮುರುಗು ಮಾಡುತ್ತಾರೆ. ಸಿಕ್ಕ ದಿನಕ್ಕೆ ಪ್ಯಾಕೇಜ್ ಕೊಂಡು, ಆಮೇಲೆ ಸೀಟು ಸರಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಇದರ ಬಗ್ಗೆ ಗೊತ್ತಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ಯೇಸುವಿನ ಹುಟ್ಟಿನ ಕಥೆಯನ್ನು ಹಾಡಿನ ಜೊತೆ ಹೇಳುವ ಕಾರ್ಯಕ್ರಮ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1958ರಲ್ಲಿ ಶುರುವಾಯಿತು. ಫ್ಲಾರಿಡಾದಲ್ಲಿ 1971ರಲ್ಲಿ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ತೆರೆದಾಗ ಇಲ್ಲಿಗೂ ಬಂತು. 1994ರಿಂದ ಎಪ್‌ಕಾಟ್‌ನಲ್ಲಿ ನಡೆಯುತ್ತಿದೆ. ದೊಡ್ಡ ಗಾಯಕವೃಂದ, 50 ವಾದ್ಯಗಾರರ ಆರ್ಕೆಸ್ಟ್ರಾ, ನಡುವೆ ಒಬ್ಬ ಪ್ರಸಿದ್ಧ ನಟ ಅಥವಾ ನಟಿ ಬೈಬಲ್‌ನ ಭಾಗಗಳನ್ನು ಓದುತ್ತಾರೆ. ಒಂದಿಷ್ಟು ಕಥೆ, ಒಂದು ಹಾಡು, ಮತ್ತೆ ಕಥೆ, ಮತ್ತೆ ಹಾಡು. ಹರಿಕಥೆ ಕೇಳಿ ಬೆಳೆದ ನಿಮ್ಮ ಅಪ್ಪನಿಗೆ ಈ ನಡೆ ಹೊಸದು ಅನ್ನಿಸುವುದಿಲ್ಲ. ಸುಮಾರು 40 ನಿಮಿಷ. ನವೆಂಬರ್ ಕೊನೆಯಿಂದ ಡಿಸೆಂಬರ್ 30ರ ಆಸುಪಾಸಿನವರೆಗೆ, ದಿನಕ್ಕೆ ಮೂರು ಶೋ. ಪಾರ್ಕಿನ ಟಿಕೆಟ್ ಇದ್ದರೆ ಸಾಕು, ಸಾಲಲ್ಲಿ ನಿಂತು ಒಳಗೆ ಹೋಗಬಹುದು. ಇದಕ್ಕೆ ಬೇರೆ ದುಡ್ಡಿಲ್ಲ.

ಈಗ 'ಮುಂದಿನ ಸೀಟು' ಎಂಬ ಮಾತಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ಅಂದರೆ ಇದೊಂದೇ. ಕಾರ್ಯಕ್ರಮ ನಡೆಯುವುದು ಅಮೆರಿಕಾ ಗಾರ್ಡನ್ಸ್ ಥಿಯೇಟರ್‌ನಲ್ಲಿ. ಎಪ್‌ಕಾಟ್‌ನಲ್ಲಿ ಒಂದು ಕೆರೆಯ ಸುತ್ತ ಬೇರೆ ಬೇರೆ ದೇಶಗಳ ಹೆಸರಿನ ಪೆವಿಲಿಯನ್‌ಗಳು, ಅಂದರೆ ಪ್ರದರ್ಶನ ಕಟ್ಟಡಗಳು ಇವೆ, ಆ ಭಾಗಕ್ಕೆ ವರ್ಲ್ಡ್ ಶೋಕೇಸ್ ಅನ್ನುತ್ತಾರೆ. ಥಿಯೇಟರ್ ಆ ಕೆರೆಯ ದಂಡೆಯಲ್ಲಿ, ಅಮೆರಿಕದ ಪೆವಿಲಿಯನ್‌ನ ಎದುರಿಗಿದೆ. ವೇದಿಕೆ ಕೆರೆಯ ಕಡೆ, ಜನ ಕೂರುವುದು ದಾರಿಯ ಕಡೆ. ಜನ ಕೂರುವ ಜಾಗದಲ್ಲಿ ಉದ್ದುದ್ದ ಬೆಂಚುಗಳು, ಮೇಲೆ ಬರೀ ಆಕಾಶ. ನೆಲ ಸ್ವಲ್ಪವೇ ಇಳಿಜಾರು, ಸಿನಿಮಾ ಹಾಲಿನಷ್ಟು ಇಲ್ಲ. ಬೆಂಚುಗಳ ನಡುವೆ ಅಲ್ಲಲ್ಲಿ ಮರಗಳಿವೆ. ತುದಿ ಕತ್ತರಿಸಿ ಒಪ್ಪ ಮಾಡಿದ ಚೆಂದದ ಮರಗಳು, ಆದರೆ ಕಾಂಡ ದಪ್ಪ. ಅದರ ಹಿಂದೆ ಕೂತರೆ ವೇದಿಕೆಯ ಒಂದು ಪಾಲು ಮರೆಯಾಗುತ್ತದೆ.

ಗಾಯಕರು ನಿಲ್ಲುವುದು ಮೆಟ್ಟಿಲಿನಂತೆ ಏರುವ ಎತ್ತರದ ಕಟ್ಟೆಯ ಮೇಲೆ. ನಡುವೆ ಡಿಸ್ನಿಯ ನೌಕರರೇ ಸೇರಿ ಹಾಡುವ ವೃಂದ, ಹಸಿರು ನಿಲುವಂಗಿ ತೊಟ್ಟು ಕ್ರಿಸ್‌ಮಸ್ ಮರದ ಆಕಾರದಲ್ಲಿ ನಿಲ್ಲುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಬೇರೆ ಊರಿನ ಶಾಲೆ, ಚರ್ಚುಗಳಿಂದ ಬಂದ ಗಾಯಕರು. ಈಗ ನೀವೇ ಯೋಚಿಸಿ. ಮೊದಲ ಸಾಲಲ್ಲಿ ಕೂತವರು 40 ನಿಮಿಷ ಕತ್ತು ಮೇಲೆತ್ತಿ ನೋಡಬೇಕು. ಆರ್ಕೆಸ್ಟ್ರಾ ಮುಂದೆಯೇ ಇರುವುದರಿಂದ ಹತ್ತಿರದ ವಾದ್ಯದ ಸದ್ದು ಜೋರಾಗಿ ಕೇಳಿ, ಹಿಂದಿನ ಹಾಡು ಅದರಲ್ಲಿ ಕರಗುತ್ತದೆ. ಆ ಮರದ ಆಕಾರವಂತೂ ಹತ್ತಿರದಿಂದ ಮರ ಅಂತ ಗೊತ್ತೇ ಆಗುವುದಿಲ್ಲ. ನಾನು ಮೊದಲ ವರ್ಷ ಮೂರನೇ ಸಾಲಲ್ಲಿ ಕೂತಿದ್ದೆ. ಪಿಟೀಲು ನುಡಿಸುವವರ ಬೆರಳು ಚೆನ್ನಾಗಿ ಕಂಡವು. ಎರಡನೇ ವರ್ಷ ನಡುವಿಗಿಂತ ಸ್ವಲ್ಪ ಹಿಂದೆ ಕೂತೆ. ಆಗಲೇ ನನಗೆ ಈ ಕಾರ್ಯಕ್ರಮ ಪೂರ್ತಿಯಾಗಿ ಕಂಡದ್ದು. ಕಣ್ಣೂ ತುಂಬಿ ಬಂತು.

ಹಾಗಾಗಿ ನನ್ನ ಲೆಕ್ಕದಲ್ಲಿ ಒಳ್ಳೆ ಸೀಟು ಅಂದರೆ ನಡುವಿನ ಭಾಗದಲ್ಲಿ, ಅರ್ಧದಿಂದ ಮುಕ್ಕಾಲು ದೂರದಲ್ಲಿ, ಓಡಾಡುವ ದಾರಿಯ ಪಕ್ಕದ ಬೆಂಚಿನ ತುದಿ. ದಾರಿಯ ಪಕ್ಕ ಯಾಕೆ ಅಂತ ಹೇಳಲೇಬೇಕು. 'ಪ್ರೊಸೆಷನಲ್' ಅಂತ ಹೆಸರಲ್ಲೇ ಮೆರವಣಿಗೆ ಇದೆಯಲ್ಲ, ಆ ಮೆರವಣಿಗೆ ಬರುವುದೇ ಜನರ ಹಿಂದಿನಿಂದ. ಅಮೆರಿಕದ ಪೆವಿಲಿಯನ್ ಕಡೆಯಿಂದ ಗಾಯಕರು ಕೈಯಲ್ಲಿ ದೀಪ ಹಿಡಿದು, ಹಾಡುತ್ತಾ, ಜನರ ನಡುವಿನ ದಾರಿಯಲ್ಲೇ ನಡೆದು ವೇದಿಕೆಗೆ ಹೋಗುತ್ತಾರೆ. ದಾರಿಯ ಪಕ್ಕ ಕೂತವರ ಕಿವಿಯ ಬಳಿಯೇ ಒಂದೊಂದು ಕಂಠ ಹಾದು ಹೋಗುತ್ತದೆ. ಮೈಕ್ ಇಲ್ಲದ, ಸ್ಪೀಕರ್ ಇಲ್ಲದ, ಬರಿಯ ಮನುಷ್ಯರ ದನಿ. ಒಬ್ಬ ಹುಡುಗಿಯ ಎತ್ತರದ ದನಿ, ಅವಳ ಹಿಂದೆ ಒಬ್ಬ ಹಿರಿಯರ ಮಂದ್ರ. ನಿಮ್ಮ ಅಪ್ಪನನ್ನು ಅಲ್ಲಿ ಕೂರಿಸಿ. ಅವರಿಗೆ ಬೇಕಾದದ್ದು ಅದೇ.

ಇನ್ನು ದಿನ. ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮತ್ತು ಡಿಸೆಂಬರ್ 20ರ ನಂತರದ ದಿನಗಳನ್ನು ಬಿಟ್ಟುಬಿಡಿ. ಆಗ ಶಾಲೆಗಳಿಗೆ ರಜೆ, ಪಾರ್ಕ್ ತುಂಬಿ ತುಳುಕುತ್ತದೆ, ಟಿಕೆಟ್ ಬೆಲೆಯೂ ದಿನದ ಮೇಲೆ ಏರುತ್ತದೆ. ಡಿಸೆಂಬರ್ ಮೊದಲ ಎರಡು ವಾರ, ಅದರಲ್ಲೂ ಸೋಮವಾರದಿಂದ ಗುರುವಾರದವರೆಗಿನ ದಿನಗಳು ಎಲ್ಲಕ್ಕಿಂತ ಒಳ್ಳೆಯದು. ನಿಮಗೆ ರಜೆ ಹಾಕುವುದು ಕಷ್ಟವಾಗಬಹುದು. ಆದರೂ ಅಮ್ಮನ ಮಂಡಿಗೋಸ್ಕರ ಒಂದು ದಿನ ರಜೆ ಹಾಕಿ ಅಂತಲೇ ಹೇಳುತ್ತೇನೆ. ಶನಿವಾರದ ಗುಂಪಿಗೂ ಮಂಗಳವಾರದ ಗುಂಪಿಗೂ ಬಹಳ ವ್ಯತ್ಯಾಸವಿದೆ.

ದಿನಕ್ಕಿಂತ ದೊಡ್ಡ ವಿಷಯ ಕಥೆ ಓದುವವರು ಯಾರು ಎಂಬುದು. ಒಬ್ಬೊಬ್ಬರು ಸಾಮಾನ್ಯವಾಗಿ ಎರಡು ಮೂರು ದಿನ ಓದುತ್ತಾರೆ. ಪಟ್ಟಿ ಮೊದಲೇ ಪ್ರಕಟವಾಗುತ್ತದೆ, ಆದರೆ ಕೆಲವು ಹೆಸರುಗಳು ತಡವಾಗಿ ಸೇರುತ್ತವೆ, ಕೆಲವು ಬದಲಾಗುತ್ತವೆ. ಊಪಿ ಗೋಲ್ಡ್‌ಬರ್ಗ್, ಗ್ಯಾರಿ ಸಿನಿಸ್, ಜೋಡಿ ಬೆನ್ಸನ್ ಇವರೆಲ್ಲ ಇಲ್ಲಿ ಓದಿದವರು. ನೀಲ್ ಪ್ಯಾಟ್ರಿಕ್ ಹ್ಯಾರಿಸ್ ಬರುವ ದಿನವಂತೂ ಮಧ್ಯಾಹ್ನದಿಂದಲೇ ಸಾಲು ಶುರುವಾಗುತ್ತದೆ. ನಿಮ್ಮ ಸ್ನೇಹಿತರು ಮೂರು ಗಂಟೆ ಕಾದದ್ದು ಅಂಥದ್ದೇ ಒಂದು ದಿನ ಇರಬೇಕು. ನಿಮ್ಮ ಅಪ್ಪ-ಅಮ್ಮನಿಗೆ ಅಮೆರಿಕದ ಟಿವಿ ನಟರು ಯಾರು ಅಂತ ಗೊತ್ತಿರುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ದೊಡ್ಡ ಹೆಸರಿನ ದಿನಕ್ಕೆ ಯಾಕೆ ಹೋಗಬೇಕು? ಅಷ್ಟಾಗಿ ಪ್ರಸಿದ್ಧರಲ್ಲದವರು, ರಂಗಭೂಮಿಯಿಂದ ಬಂದವರು ಓದುವ ದಿನ ಹುಡುಕಿ. ನಾನು ಕೇಳಿದ ಅತಿ ಚೆಂದದ ಓದುಗಳು ಅಂಥ ದಿನಗಳಲ್ಲೇ ಸಿಕ್ಕಿವೆ. ದನಿ ಸ್ಪಷ್ಟ, ಅವಸರ ಇಲ್ಲ, ಇಂಗ್ಲಿಷ್ ಅಷ್ಟಾಗಿ ರೂಢಿಯಿಲ್ಲದ ಹಿರಿಯರಿಗೂ ಮಾತು ತಿಳಿಯುತ್ತದೆ. ಹಾಡು, ಆರ್ಕೆಸ್ಟ್ರಾ, ಮೆರವಣಿಗೆ ಯಾವ ದಿನವೂ ಕಡಿಮೆ ಇರುವುದಿಲ್ಲ.

ಶೋ ಆರಿಸುವಾಗ ಸೂರ್ಯನನ್ನು ನೆನಪಿಡಿ. ಮೊದಲ ಶೋ ಸಂಜೆ ಐದರ ಹೊತ್ತಿಗೆ, ಎರಡನೆಯದು ಏಳರ ಆಸುಪಾಸು, ಮೂರನೆಯದು ಎಂಟು ದಾಟಿದ ಮೇಲೆ. ನಿಮಿಷಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಅತ್ತಿತ್ತ ಆಗುತ್ತವೆ. ಡಿಸೆಂಬರ್‌ನಲ್ಲಿ ಆರ್ಲ್ಯಾಂಡೊದಲ್ಲಿ ಸೂರ್ಯ ಮುಳುಗುವುದು ಸುಮಾರು ಐದೂವರೆಗೆ. ಅಂದರೆ ಮೊದಲ ಶೋನಲ್ಲಿ ಮೆರವಣಿಗೆ ಬರುವಾಗ ಇನ್ನೂ ಬೆಳಕಿರುತ್ತದೆ. ಕೈಯಲ್ಲಿನ ದೀಪ ಕಾಣುವುದೇ ಇಲ್ಲ ಅಂದರೂ ಆಯಿತು. ಎರಡನೇ ಶೋಗೆ ಪೂರ್ತಿ ಕತ್ತಲು. ಹಿಂದಿನಿಂದ ದೀಪಗಳ ಸಾಲು ಬರುವುದನ್ನು ತಿರುಗಿ ನೋಡುವ ಆ ಗಳಿಗೆಗೆ ಕತ್ತಲು ಇರಲೇಬೇಕು. ಹಾಗಾಗಿ ಮೊದಲ ಶೋ ಬೇಡ. ಮೂರನೇ ಶೋನಲ್ಲಿ ಒಂದು ಅನುಕೂಲವಿದೆ. ಪುಟ್ಟ ಮಕ್ಕಳಿರುವವರು ಅಷ್ಟು ಹೊತ್ತಿಗೆ ಸುಸ್ತಾಗಿ ಮನೆಗೆ ಹೊರಟಿರುತ್ತಾರೆ. ಇನ್ನೂ ಒಂದಿಷ್ಟು ಜನ ಕೆರೆಯ ಮೇಲಿನ ಪಟಾಕಿ ನೋಡಲು ಜಾಗ ಹಿಡಿಯಲು ಹೋಗಿರುತ್ತಾರೆ. ಸಾಲು ಚಿಕ್ಕದಿರುತ್ತದೆ. ಹತ್ತು ನಿಮಿಷಕ್ಕೆ ಒಳಗೆ ಹೋದೆವು ಅಂದವರು ಬಹುಶಃ ವಾರದ ನಡುವೆ ಮೂರನೇ ಶೋಗೆ ಹೋದವರು. ಆದರೆ ಊರಿಂದ ಬಂದು ಇನ್ನೂ ಸಮಯ ಹೊಂದಿಕೊಳ್ಳದ ಹಿರಿಯರು ಎಂಟು ಗಂಟೆಗೇ ತೂಕಡಿಸುತ್ತಾರೆ. ಅವರು ಬಂದು ಎರಡು ವಾರವಾದರೂ ಆಗಿರಲಿ. ಇಲ್ಲದಿದ್ದರೆ ಎರಡನೇ ಶೋ ಸರಿ.

ಈಗ ಪ್ಯಾಕೇಜ್. ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಎಪ್‌ಕಾಟ್ ಒಳಗಿನ ಕೆಲವು ಹೋಟೆಲ್‌ಗಳಲ್ಲಿ ಊಟ ಮತ್ತು ಕಾರ್ಯಕ್ರಮದ ಸೀಟು ಎರಡನ್ನೂ ಸೇರಿಸಿ ಮಾರುತ್ತಾರೆ. ಊಟದ ಜೊತೆ ಒಂದು ಗುರುತು ಕೊಡುತ್ತಾರೆ. ಅದನ್ನು ತೋರಿಸಿದರೆ ಬೇರೆ ಸಾಲು, ಮೊದಲು ಒಳಗೆ ಬಿಡುತ್ತಾರೆ. ಕೂರುವ ಜಾಗ ಇದ್ದೇ ಇರುತ್ತದೆ, ಅದು ಖಾತ್ರಿ. ಯಾವ ಜಾಗ ಅನ್ನುವುದು ಖಾತ್ರಿ ಇಲ್ಲ. ಸೀಟಿಗೆ ನಂಬರ್ ಇರುವುದಿಲ್ಲ. ಪ್ಯಾಕೇಜ್ ಇರುವವರಲ್ಲೇ ಯಾರು ಮೊದಲು ಬಂದರೋ ಅವರಿಗೆ ಮೊದಲು. ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಪ್ಯಾಕೇಜ್ ಬೇಕು. ಅಪ್ಪ-ಅಮ್ಮನಿಗೆ ಮಾತ್ರ ಕೊಂಡು ನೀವು ಅವರ ಜೊತೆ ಹೋಗುತ್ತೇನೆ ಅಂದರೆ ಆಗುವುದಿಲ್ಲ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಒಂದು ವರ್ಷ ಅತ್ತೆ-ಮಾವ ಬಂದಿದ್ದರು. ಅವರಿಗೋಸ್ಕರ ಪ್ಯಾಕೇಜ್ ಕೊಂಡಿದ್ದೆ. ಸೀಟು ಇದ್ದೇ ಇದೆಯಲ್ಲ ಅಂತ ಸಂಜೆಯ ಊಟ ಬುಕ್ ಮಾಡಿದ್ದೆ. ಹೋಟೆಲ್‌ನಲ್ಲಿ ಬಡಿಸುವುದು ತಡವಾಯಿತು. ಮಾವನವರು ಊಟ ಬಿಟ್ಟು ಏಳುವವರಲ್ಲ, ಅವರನ್ನು ಅವಸರಪಡಿಸಲು ನನಗೂ ಮನಸ್ಸಾಗಲಿಲ್ಲ. ಶೋಗೆ ಹದಿನೈದು ನಿಮಿಷ ಇರುವಾಗ ಓಡಿದೆವು. ಸೀಟು ಸಿಕ್ಕಿತು, ಪಕ್ಕದ ಭಾಗದಲ್ಲಿ, ಒಂದು ಮರದ ಕಾಂಡದ ಹಿಂದೆ. ಅತ್ತೆ ಏನೂ ಹೇಳಲಿಲ್ಲ. ಆದರೆ ಇಡೀ ಶೋ ಒಂದು ಕಡೆ ವಾಲಿಕೊಂಡೇ ಕೂತಿದ್ದರು. ಅದು ನನಗೆ ಇವತ್ತಿಗೂ ನೋವು. ಆಮೇಲಿಂದ ಪ್ಯಾಕೇಜ್ ತೆಗೆದುಕೊಂಡಾಗಲೆಲ್ಲ ಮಧ್ಯಾಹ್ನದ ಊಟವನ್ನೇ ಬುಕ್ ಮಾಡುತ್ತೇನೆ. ಊಟಕ್ಕೂ ಶೋಗೂ ನಡುವೆ ಕಡಿಮೆಯೆಂದರೆ ಎರಡೂವರೆ ಗಂಟೆ ಬಿಡುತ್ತೇನೆ. ಶೋಗೆ ಮುಕ್ಕಾಲು ಗಂಟೆ ಮುಂಚೆ ಪ್ಯಾಕೇಜಿನ ಸಾಲಿಗೆ ಹೋಗುತ್ತೇನೆ. ಹೋಟೆಲ್‌ನಿಂದ ಹೊರಡುವಾಗ ಆ ಗುರುತು ಎಲ್ಲರ ಹತ್ತಿರ ಇದೆಯಾ ಅಂತ ಎಣಿಸಿ ನೋಡುತ್ತೇನೆ.

ಸಸ್ಯಾಹಾರದ ಪ್ರಶ್ನೆ ಮುಖ್ಯವಾದದ್ದು. ಪ್ಯಾಕೇಜಿನಲ್ಲಿ ಇರುವ ಹೋಟೆಲ್‌ಗಳು ವರ್ಷ ವರ್ಷ ಸ್ವಲ್ಪ ಬದಲಾಗುತ್ತವೆ. ಕೆನಡಾ ಪೆವಿಲಿಯನ್‌ನ ಲೆ ಸೆಲಿಯೆ ಮಾಂಸಕ್ಕೇ ಹೆಸರಾದ ಜಾಗ, ಕೋರಲ್ ರೀಫ್ ಮೀನಿಗೆ. ಎರಡರಲ್ಲೂ ಸಸ್ಯಾಹಾರ ಸಿಗುತ್ತದೆ, ಆದರೆ ಅಷ್ಟು ಬೆಲೆ ಕೊಟ್ಟು ಒಂದೇ ಒಂದು ತಟ್ಟೆಗೆ ಕಟ್ಟುಬೀಳುವುದು ಯಾಕೆ? ಜರ್ಮನಿಯ ಬೀಯರ್‌ಗಾರ್ಟನ್‌ನಲ್ಲಿ ಬಫೆ. ಸಲಾಡ್, ಆಲೂಗಡ್ಡೆ, ಬ್ರೆಡ್ ಅಂತ ಮಕ್ಕಳಿಗೆ ಹೊಟ್ಟೆ ತುಂಬುತ್ತದೆ. ಆದರೆ ಅಲ್ಲಿನ ಜರ್ಮನ್ ನೂಡಲ್ಸ್ ಮೊಟ್ಟೆ ಹಾಕಿಯೇ ಮಾಡುವುದು, ನಿಮ್ಮ ಅಪ್ಪ-ಅಮ್ಮನಿಗೆ ಬೇಡ. ಪಟ್ಟಿಯಲ್ಲಿ ಗಾರ್ಡನ್ ಗ್ರಿಲ್ ಇದ್ದರೆ ನಾನು ಅದನ್ನೇ ಹಿಡಿಯುತ್ತೇನೆ. ಹೋಟೆಲ್ ತಾನೇ ಮೆಲ್ಲಗೆ ಸುತ್ತುತ್ತದೆ, ಕೂತಲ್ಲಿಂದಲೇ ಕೆಳಗಿನ ದೋಣಿ ಸವಾರಿಯ ಕಾಡು, ಮರುಭೂಮಿ, ತೋಟದ ಮನೆ ಕಾಣುತ್ತವೆ. ರೈತರ ವೇಷದ ಮಿಕ್ಕಿ, ಪ್ಲೂಟೊ ಮೇಜಿನ ಬಳಿ ಬರುತ್ತಾರೆ. ಅಮ್ಮ ಖುಷಿಪಡುತ್ತಾರೆ. ಕೇಳಿದರೆ ಪೂರ್ತಿ ಸಸ್ಯಮೂಲದ ಊಟ ಕೊಡುತ್ತಾರೆ.

ಒಂದು ಗುರುತು ನೆನಪಿಟ್ಟುಕೊಳ್ಳಿ. ಡಿಸ್ನಿಯ ಮೆನುಗಳಲ್ಲಿ ಕೆಲವು ತಿನಿಸುಗಳ ಪಕ್ಕ ಹಸಿರು ಎಲೆಯ ಚಿತ್ರ ಇರುತ್ತದೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನುತುಪ್ಪ ಯಾವುದೂ ಇಲ್ಲ ಅಂತ ಅರ್ಥ. ಬರಿಯ 'ವೆಜಿಟೇರಿಯನ್' ಅಂದರೆ ಇಲ್ಲಿ ಮೊಟ್ಟೆ ಸೇರಿರಬಹುದು. ಹಾಗಾಗಿ ಎಲೆ ನೋಡಿ ಆರ್ಡರ್ ಮಾಡಿ. ಬುಕ್ ಮಾಡುವಾಗಲೇ ಆಹಾರದ ನಿಯಮ ಬರೆಯಿರಿ, ಮೇಜಿಗೆ ಬಂದ ಮೇಲೆ ಇನ್ನೊಮ್ಮೆ ಹೇಳಿ. ಅಲ್ಲಿನವರು ಇದನ್ನು ಗೌರವದಿಂದಲೇ ನೋಡುತ್ತಾರೆ. ಎಷ್ಟೋ ಸಲ ಅಡುಗೆಯವರೇ ಬಂದು ಮಾತಾಡಿದ್ದಾರೆ.

ಹಾಗಾದರೆ ಕೊಳ್ಳಬೇಕಾ? ಬರೀ ನೀವು ಗಂಡ-ಹೆಂಡತಿ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಆರೋಗ್ಯವಾಗಿರುವವರು ಮಂಗಳವಾರದ ಮೂರನೇ ಶೋಗೆ ಒಂದು ಗಂಟೆ ಮುಂಚೆ ಸಾಲಲ್ಲಿ ನಿಂತರೆ ಒಳ್ಳೆ ಜಾಗವೇ ಸಿಗುತ್ತದೆ. ನಿಮ್ಮ ವಿಷಯ ಬೇರೆ. ಮೈಸೂರಿಂದ ಅಷ್ಟು ದೂರ ಬಂದಿದ್ದಾರೆ, ಮತ್ತೆ ಡಿಸೆಂಬರ್‌ನಲ್ಲಿ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಸಾಲು ಎಷ್ಟಿದೆಯೋ ಅಂತ ಇಡೀ ದಿನ ಗಡಿಯಾರ ನೋಡುತ್ತಾ ಓಡಾಡುವ ಆತಂಕ ಅಮ್ಮನಿಗೂ ಮುಟ್ಟುತ್ತದೆ. ನೀವು ಪ್ಯಾಕೇಜ್ ತೆಗೆದುಕೊಳ್ಳಿ. ದುಡ್ಡು ಊಟಕ್ಕೆ ಅಂತ ಲೆಕ್ಕ ಹಾಕಬೇಡಿ, ಅದು ದುಬಾರಿಯೇ. ಅಮ್ಮನ ಮಂಡಿಗೆ ಅಂತ ಲೆಕ್ಕ ಹಾಕಿ. ಬುಕಿಂಗ್ ತಿಂಗಳುಗಳ ಮುಂಚೆಯೇ ತೆರೆಯುತ್ತದೆ, ಒಳ್ಳೆ ದಿನಗಳು ಬೇಗ ಖಾಲಿಯಾಗುತ್ತವೆ. ಸಿಗದಿದ್ದರೆ ಕೈಬಿಡಬೇಡಿ. ಜನ ರದ್ದು ಮಾಡುತ್ತಲೇ ಇರುತ್ತಾರೆ. ಹೋಗುವ ವಾರದಲ್ಲಿ ಬೆಳಿಗ್ಗೆ ಸಂಜೆ ಒಮ್ಮೊಮ್ಮೆ ನೋಡುತ್ತಿರಿ. ನೀವು ರದ್ದು ಮಾಡುವುದಾದರೆ ಕೊನೆಯ ದಿನ ಯಾವುದು ಅಂತ ಮೊದಲೇ ಓದಿಕೊಳ್ಳಿ, ಇಲ್ಲದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ.

ಪ್ಯಾಕೇಜ್ ಸಿಕ್ಕರೂ ಸಿಗದಿದ್ದರೂ ಅಮ್ಮನಿಗೆ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ. ನಮ್ಮ ಹಿರಿಯರಿಗೆ ಅದರಲ್ಲಿ ಕೂರುವುದು ಸಂಕೋಚ. 'ನನಗೇನಾಗಿದೆ' ಅನ್ನುತ್ತಾರೆ. ಮನೆಯಲ್ಲೇ ಮೊದಲು ಹೇಳಿ ಒಪ್ಪಿಸಿ. ವರ್ಲ್ಡ್ ಶೋಕೇಸ್‌ನ ಕೆರೆ ಒಂದು ಸುತ್ತು ಬಂದರೆ ಸುಮಾರು ಎರಡು ಕಿಲೋಮೀಟರ್. ಅಮೆರಿಕದ ಪೆವಿಲಿಯನ್ ಇರುವುದು ಮುಖ್ಯ ಬಾಗಿಲಿನಿಂದ ಅತಿ ದೂರದ ತುದಿಯಲ್ಲಿ. ಬಾಗಿಲಿಂದ ಅಲ್ಲಿಗೆ ನಡೆದುಹೋದರೆ ಶೋ ಶುರುವಾಗುವ ಮುಂಚೆಯೇ ಅಮ್ಮ ಸೋತಿರುತ್ತಾರೆ. ಗಾಲಿಕುರ್ಚಿಯಲ್ಲಿರುವವರಿಗೂ ಅವರ ಜೊತೆಯವರಿಗೂ ಥಿಯೇಟರ್‌ನಲ್ಲಿ ಜಾಗ ಇಟ್ಟಿರುತ್ತಾರೆ. ಜೊತೆಗೆ ಎಷ್ಟು ಜನ ಕೂರಬಹುದು ಅಂತ ಸಾಲಿನ ಬಾಗಿಲಲ್ಲೇ ಕೇಳಿಬಿಡಿ.

ಎಪ್‌ಕಾಟ್‌ಗೆ ಎರಡು ಬಾಗಿಲು. ಎರಡನೆಯದು ಇಂಟರ್‌ನ್ಯಾಷನಲ್ ಗೇಟ್‌ವೇ, ಬ್ರಿಟನ್ ಮತ್ತು ಫ್ರಾನ್ಸ್ ಪೆವಿಲಿಯನ್‌ಗಳ ನಡುವೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಫ್ರಾನ್ಸ್, ಮೊರಾಕೊ, ಜಪಾನ್ ದಾಟಿದರೆ ಥಿಯೇಟರ್. ಡಿಸ್ನಿಯ ಸ್ಕೈಲೈನರ್ ಎಂಬ ತೂಗುಬಂಡಿ ಇಳಿಸುವುದು ಈ ಬಾಗಿಲಿಗೇ. ಉಳಿದುಕೊಳ್ಳಲು ಆ ತೂಗುಬಂಡಿ ಇರುವ ಹೋಟೆಲ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮುಖ್ಯ ಬಾಗಿಲಿಂದಲೇ ಬರುವುದಾದರೆ ಕೆರೆಯ ಈಚೆ ದಂಡೆಯಿಂದ ದೋಣಿ ಹತ್ತಿ ಮೊರಾಕೊ ಹತ್ತಿರ ಇಳಿಯಿರಿ. ಟಿಕೆಟ್‌ನಲ್ಲೇ ಸೇರಿದೆ. ರಾತ್ರಿ ಪಟಾಕಿಗೆ ಮುಂಚೆ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ವಾಪಸ್ ಬರುವಾಗ ಅದನ್ನು ನಂಬಬೇಡಿ.

ಮಧ್ಯಾಹ್ನ ಊಟವಾದ ಮೇಲೆ ಅಮೆರಿಕದ ಪೆವಿಲಿಯನ್ ಒಳಗೇ ಹೋಗಿ ಕೂತುಬಿಡಿ. ಎಸಿ ಇದೆ. ಅಲ್ಲಿನ ಗುಮ್ಮಟದ ಕೆಳಗೆ ವಾಯ್ಸಸ್ ಆಫ್ ಲಿಬರ್ಟಿ ಎಂಬ ತಂಡ ವಾದ್ಯವಿಲ್ಲದೆ ಹಾಡುತ್ತದೆ. ಸಂಜೆಯ ಕಾರ್ಯಕ್ರಮದಲ್ಲೂ ಅವರಿರುತ್ತಾರೆ. ಹಗಲಲ್ಲಿ ಅವರು ಹಾಡುವ ವೇಳೆ ಕೇಳಿಕೊಂಡು ಹೋಗಿ. ಗುಮ್ಮಟದಿಂದಾಗಿ ದನಿಗಳು ಒಂದರೊಳಗೊಂದು ಬೆರೆತು ಮೇಲಿಂದ ಇಳಿದು ಬಂದ ಹಾಗೆ ಕೇಳಿಸುತ್ತದೆ. ಒಂದೇ ರಾಗವನ್ನು ಒಟ್ಟಿಗೆ ಹಾಡುವ ನಮ್ಮ ಪದ್ಧತಿಯಲ್ಲಿ ಬೆಳೆದವರಿಗೆ, ನಾಲ್ಕು ದನಿ ನಾಲ್ಕು ಸ್ವರದಲ್ಲಿ ಒಟ್ಟಿಗೆ ಸಾಗುವುದು ಮೊದಲು ಸ್ವಲ್ಪ ಗೊಂದಲ. ಇಲ್ಲಿ ಎಂಟು-ಹತ್ತು ಜನರ ಬಾಯಲ್ಲಿ ಕೇಳಿದ್ದರೆ ಸಂಜೆ ಅಷ್ಟು ದೊಡ್ಡ ವೃಂದದಲ್ಲಿ ಕಿವಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ನನ್ನ ಮಾವನವರು ಇಲ್ಲಿ ಎರಡು ಸಲ ಕೂತು ಕೇಳಿದ್ದರು.

ಪ್ಯಾಕೇಜ್ ಸಿಗದೆ ಮಾಮೂಲಿ ಸಾಲಲ್ಲೇ ಹೋಗಬೇಕಾಗಿ ಬಂದರೆ ಹೀಗೆ ಮಾಡಿ. ವಾರದ ನಡುವಿನ ದಿನ, ಎರಡನೇ ಶೋ ಆದರೆ ಒಂದೂವರೆ ಗಂಟೆ ಮುಂಚೆ, ಮೂರನೆಯದಾದರೆ ಒಂದು ಗಂಟೆ. ಮಧ್ಯಾಹ್ನವೇ ಒಮ್ಮೆ ಹೋಗಿ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ಇವತ್ತು ಸಾಲು ಹೇಗಿದೆ, ಎಲ್ಲಿಂದ ಶುರು ಅಂತ. ಅವರು ಬಹಳ ಪ್ರಾಮಾಣಿಕವಾಗಿ ಹೇಳುತ್ತಾರೆ. ಎಲ್ಲರೂ ಒಟ್ಟಿಗೇ ಸಾಲು ಸೇರಿ. ಒಬ್ಬರನ್ನು ನಿಲ್ಲಿಸಿ ಆಮೇಲೆ ಆರು ಜನ ಬಂದು ಸೇರುವುದು ಹಿಂದೆ ಕಾದವರಿಗೆ ಅನ್ಯಾಯ. ಒಬ್ಬೊಬ್ಬರಾಗಿ ಶೌಚಾಲಯಕ್ಕೆ ಹೋಗಿ ಬರುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಮಡಚುವ ಕುರ್ಚಿ ತರಬೇಡಿ, ಒಳಗೆ ಬಿಡುವುದಿಲ್ಲ. ತಿಂಡಿ ತರಬಹುದು, ಗಾಜಿನ ಬಾಟಲಿ ಮಾತ್ರ ಬೇಡ. ಚಕ್ಕುಲಿ, ಕೋಡುಬಳೆ, ಚಪಾತಿ ಸುರುಳಿ ಎಲ್ಲ ನಾನು ತಂದಿದ್ದೇನೆ. ಸಾಲಲ್ಲಿ ಪಕ್ಕದವರಿಗೂ ಚಕ್ಕುಲಿ ಕೊಟ್ಟು ಎಷ್ಟೋ ಪರಿಚಯವಾಗಿದೆ.

ಬಾಗಿಲು ತೆರೆದಾಗ ಓಡಬೇಡಿ. ಸಿಬ್ಬಂದಿ ಒಂದೊಂದೇ ಬೆಂಚು ತುಂಬಿಸುತ್ತಾರೆ, ತುದಿಯವರೆಗೂ ಸರಿಯಿರಿ ಅನ್ನುತ್ತಾರೆ. ನಿಮ್ಮ ಬೆಂಚಿಗೆ ಮೊದಲು ಹೋದವರು ಒಳಕ್ಕೆ ಸರಿಯಬೇಕು. ದಾರಿಯ ಪಕ್ಕದ ತುದಿ ಬೇಕಿದ್ದರೆ ಹಿಂದಿನ ಒಂದು ಕುಟುಂಬವನ್ನು 'ನೀವು ಮೊದಲು ಹೋಗಿ' ಅಂತ ಮುಂದೆ ಬಿಡಿ. ಅವರಿಗೂ ಖುಷಿ, ನಿಮಗೂ ತುದಿ. ಕೂರುವ ಮುಂಚೆ ಎದುರಿಗೆ ಮರದ ಕಾಂಡ ಇದೆಯಾ ಅಂತ ಒಂದು ಸಲ ನೋಡಿ. ಇದ್ದರೆ ಆಗಲೇ ಸಿಬ್ಬಂದಿಗೆ ಹೇಳಿ. ಹಿರಿಯರಿದ್ದಾರೆ ಅಂದರೆ ಎಷ್ಟೋ ಸಲ ಬೇರೆ ಬೆಂಚು ತೋರಿಸುತ್ತಾರೆ.

ಚಳಿಯ ಬಗ್ಗೆ ಎಲ್ಲರೂ ಮೋಸ ಹೋಗುತ್ತಾರೆ. ಫ್ಲಾರಿಡಾ ಅಂದರೆ ಸೆಕೆ ಅಂದುಕೊಂಡು ಬರುತ್ತಾರೆ. ಹಗಲಲ್ಲಿ ಬಿಸಿಲೇ. ಸೂರ್ಯ ಮುಳುಗಿದ ಮೇಲೆ ಕೆರೆಯ ಗಾಳಿ ಬೀಸುತ್ತದೆ, ಕೆಲವು ರಾತ್ರಿ 10 ಡಿಗ್ರಿಗೆ ಇಳಿದದ್ದೂ ಉಂಟು. ಲೋಹದ ಮೇಲೆ ಕೂತಷ್ಟು ಬೆಂಚು ತಣ್ಣಗಿರುತ್ತದೆ. ಒಂದು ಶಾಲು ಹೊದೆಯಲು, ಒಂದು ಮಡಚಿ ಕೂರಲು ಇಟ್ಟುಕೊಳ್ಳಿ. ಅಪ್ಪನಿಗೆ ಕಿವಿ ಮುಚ್ಚುವ ಟೋಪಿಗಿಂತ ಮಫ್ಲರ್ ಒಳ್ಳೆಯದು, ಕಿವಿ ಬಿಟ್ಟು ಕತ್ತಿಗೆ ಸುತ್ತಿಕೊಳ್ಳಬಹುದು. ಮಳೆ ಇದ್ದರೆ ಕೊಡೆ ಬೇಡ, ಹಿಂದಿನವರಿಗೆ ಏನೂ ಕಾಣುವುದಿಲ್ಲ. ತೆಳ್ಳನೆ ರೇನ್‌ಕೋಟ್ ಸಾಕು.

ಹೋಗುವ ಮುಂಚಿನ ದಿನ ಅಪ್ಪ-ಅಮ್ಮನಿಗೆ ಕಥೆ ಹೇಳಿ. ಬೆತ್ಲೆಹೇಮ್, ಮರಿಯಾ, ಯೋಸೇಫ, ಕುರುಬರು, ದೂರದಿಂದ ನಕ್ಷತ್ರ ನೋಡಿ ಬಂದ ಜ್ಞಾನಿಗಳು, ಇಷ್ಟು ಗೊತ್ತಿದ್ದರೆ ಸಾಕು. ಓದುವ ಇಂಗ್ಲಿಷ್ ಹಳೆಯ ಕಾಲದ್ದು, ನಮಗೇ ಕೆಲವು ಮಾತು ತಪ್ಪುತ್ತವೆ. ಕಥೆ ಗೊತ್ತಿದ್ದವರು ಹಾಡಿನಲ್ಲಿ ಮುಳುಗಬಹುದು. ಇಡೀ ಕಾರ್ಯಕ್ರಮವನ್ನು ಸನ್ನೆ ಭಾಷೆಯಲ್ಲಿ ಹೇಳುವ ಕಲಾವಿದರೂ ಇರುತ್ತಾರೆ. ಅಮ್ಮನಿಗೆ ಅವರ ಕೈಗಳನ್ನು ತೋರಿಸಿ. ಹಾಡಿನ ಭಾವವೆಲ್ಲ ಆ ಕೈಯಲ್ಲಿ, ಮುಖದಲ್ಲಿ ಇರುತ್ತದೆ. ನಮ್ಮ ಅಭಿನಯ ನೋಡಿದವರಿಗೆ ಅದು ಬೇಗ ಹಿಡಿಸುತ್ತದೆ.

ಕೊನೆಯ ಹೊತ್ತಿಗೆ ಸಂಗೀತ ರಚನಕಾರ ಹ್ಯಾಂಡೆಲ್‌ನ ಹಲ್ಲೆಲೂಯಾ ಎಂಬ ವೃಂದಗಾನ ಬರುತ್ತದೆ. 1741ರಲ್ಲಿ ಬರೆದದ್ದು, ಇವತ್ತಿಗೂ ಅದು ಶುರುವಾದ ಕೂಡಲೇ ಸಭೆಯೆಲ್ಲ ಎದ್ದು ನಿಲ್ಲುವ ಪದ್ಧತಿ. ಇದು ಅಮ್ಮನ ಸೀಟಿಗೆ ಸಂಬಂಧಪಟ್ಟ ವಿಷಯ. ಮುಂದಿನವರೆಲ್ಲ ಎದ್ದಾಗ ಕೂತವರಿಗೆ ಬೆನ್ನುಗಳಷ್ಟೇ ಕಾಣುತ್ತವೆ. ಹಾಡು ನಾಲ್ಕು ನಿಮಿಷದಷ್ಟು. ಅಮ್ಮ ನಿಲ್ಲಬಲ್ಲರಾದರೆ ಮುಂದಿನ ಬೆಂಚಿನ ಬೆನ್ನು ಹಿಡಿದು ನಿಲ್ಲಲಿ. ಆಗದಿದ್ದರೆ ಕೂತೇ ಇರಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ದಾರಿಯ ತುದಿಯಲ್ಲಿ ಕೂತಿದ್ದರೆ ಪಕ್ಕದಿಂದ ವೇದಿಕೆ ಸ್ವಲ್ಪವಾದರೂ ಕಾಣುತ್ತದೆ. ತುದಿಯ ಸೀಟು ಹಿಡಿಯಿರಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಎಲ್ಲ ಮಾಡಿಯೂ ಸೀಟು ಮುಗಿದುಹೋಯಿತು ಅಂದುಕೊಳ್ಳಿ. ಆಗಲೂ ವಾಪಸ್ ಹೋಗಬೇಡಿ. ಥಿಯೇಟರ್ ಹಿಂದಿನ ದಾರಿಯಲ್ಲಿ ನಿಂತು ನೋಡಬಹುದು. ವೇದಿಕೆ ದೂರ, ಆದರೆ ಹಾಡು ಚೆನ್ನಾಗಿ ಕೇಳುತ್ತದೆ. ಮೆರವಣಿಗೆ ಹೊರಡುವುದು ಆ ಕಡೆಯಿಂದಲೇ. ದೀಪ ಹಿಡಿದ ಗಾಯಕರು ಸಾಲಾಗಿ ನಿಂತು ಉಸಿರು ಸರಿಮಾಡಿಕೊಳ್ಳುವುದು, ಮೊದಲ ಸ್ವರ ಎತ್ತುವುದು ಒಳಗೆ ಕೂತವರಿಗೆ ಕಾಣುವುದಿಲ್ಲ. ಗಾಲಿಕುರ್ಚಿ ಇರುವುದರಿಂದ ಅಮ್ಮ ಅಲ್ಲೂ ಕೂತೇ ನೋಡಬಹುದು.

ಶೋ ಮುಗಿದ ಕೂಡಲೇ ಏಳಬೇಡಿ. ಎಲ್ಲರೂ ಒಟ್ಟಿಗೆ ಹೊರಗೆ ನುಗ್ಗುತ್ತಾರೆ, ಗಾಲಿಕುರ್ಚಿಗೆ ಜಾಗ ಸಿಗುವುದಿಲ್ಲ. ಐದು ನಿಮಿಷ ಕೂತಿರಿ, ಮುಂದಿನ ಶೋಗೆ ಜಾಗ ಬೇಕಿದ್ದರೆ ಸಿಬ್ಬಂದಿಯೇ ಬಂದು ದಾರಿ ಮಾಡಿಕೊಡುತ್ತಾರೆ. ಕುರ್ಚಿಯನ್ನು ತೆಗೆದುಕೊಂಡ ಬಾಗಿಲಲ್ಲೇ ವಾಪಸ್ ಕೊಡಿ, ರಸೀದಿ ಜೋಪಾನವಾಗಿರಲಿ. ದಿನ ಯಾವುದು ಅಂತ ಗೊತ್ತು ಮಾಡಿಕೊಂಡು ಮತ್ತೆ ಬರೆಯಿರಿ. ಆ ದಿನ ಓದುವವರು ಯಾರು, ಯಾವ ಹೋಟೆಲ್ ನಿಮಗೆ ಸರಿ ಅಂತ ನಾನೇ ಕೂತು ನೋಡಿ ಹೇಳುತ್ತೇನೆ.